ನಿಲ್ಲಿಸುವ ಮುಂಚೆ ಒಂದು ಮಾತು ಹೇಳಿ

ಕಲಬುರಗಿ ಜಿಲ್ಲೆಯ ಅಧಿಕಾರಿಗಳಿಗೆ, ಶಾಸಕರಿಗೆ, ಬೆಂಗಳೂರಿನಲ್ಲಿ ಕೂತು ಯೋಜನೆಗಳ ನಿಯಮ ಬರೆಯುವವರಿಗೆ,

ಮಾನ್ಯರೇ,

ಚಿತ್ತಾಪುರ ತಾಲ್ಲೂಕಿನಲ್ಲಿ ನನ್ನದೊಂದು ಸಣ್ಣ ಜೆರಾಕ್ಸ್ ಅಂಗಡಿ ಇದೆ. ಒಂದು ಕಂಪ್ಯೂಟರ್, ಒಂದು ಪ್ರಿಂಟರ್, ಹೆಬ್ಬೆಟ್ಟು ತಗೊಳ್ಳುವ ಮಷೀನು, ನಾಲ್ಕು ಪ್ಲಾಸ್ಟಿಕ್ ಕುರ್ಚಿ. ಹನ್ನೊಂದು ವರ್ಷದಿಂದ ಇದೇ ಕೆಲಸ. ಬೆಳಿಗ್ಗೆ ನಾನು ಶಟರ್ ಎತ್ತುವ ಮೊದಲೇ ಮೂರು ನಾಲ್ಕು ಹೆಂಗಸರು ಮೆಟ್ಟಿಲ ಮೇಲೆ ಕೂತಿರುತ್ತಾರೆ. ಒಬ್ಬೊಬ್ಬರ ಮಡಿಲಲ್ಲೂ ಒಂದು ಚೀಲ. ಬಟ್ಟೆ ಅಂಗಡಿಯವರು ಸೀರೆ ಹಾಕಿ ಕೊಟ್ಟ ಚೀಲ. ಅದರೊಳಗೆ ರೇಷನ್ ಕಾರ್ಡು, ಮನೆಮಂದಿ ಎಲ್ಲರ ಆಧಾರ್, ಪಾಸ್‌ಬುಕ್, ಎಂದೋ ಕೊಟ್ಟ ಅರ್ಜಿಗಳ ನಕಲು, ಅಂಚು ಮುದುಡಿದ ಎರಡು ಫೋಟೊ.

ಅವರು ಕೇಳುವುದು ಹೆಚ್ಚಾಗಿ ಒಂದೇ ಮಾತು. "ಅಕ್ಕಾ, ರೊಕ್ಕ ಯಾಕ್ ಬಂದಿಲ್ಲ ನೋಡ್ರಿ."

ಈ ಪತ್ರ ಬರೆಯುತ್ತಿರುವುದು ಆ ಮಾತಿನ ಸಲುವಾಗಿ.

ಮೊದಲೇ ಹೇಳಿಬಿಡುತ್ತೇನೆ. ಯೋಜನೆಗಳೇ ಬೇಡ, ಇದರಿಂದ ಜನ ಸೋಮಾರಿಗಳಾದರು ಅನ್ನುವವರ ಜೊತೆ ನನ್ನನ್ನು ಸೇರಿಸಬೇಡಿ. 2023ರ ಜೂನ್ 11ರಿಂದ ಹೆಣ್ಣುಮಕ್ಕಳಿಗೆ ಬಸ್ಸು ಫ್ರೀ ಆಯಿತು. ಗೃಹಜ್ಯೋತಿಗೆ ಆಗಸ್ಟ್ 5ರಂದು ಚಾಲನೆ ಕೊಟ್ಟಿದ್ದು ನಮ್ಮ ಕಲಬುರಗಿಯಲ್ಲೇ. ಅದೇ ತಿಂಗಳ 30ಕ್ಕೆ ಮೈಸೂರಿನಲ್ಲಿ ಗೃಹಲಕ್ಷ್ಮಿ ಶುರುವಾಯಿತು. ಇವೆಲ್ಲ ನಮ್ಮ ಕಡೆಯ ಮನೆಗಳಿಗೆ ಏನು ಮಾಡಿವೆ ಅನ್ನುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಮೊದಲ 2,000 ರೂಪಾಯಿ ಜಮಾ ಆದಾಗ ಒಬ್ಬಾಕೆ ಪಾಸ್‌ಬುಕ್ಕಿನಲ್ಲಿ ಎಂಟ್ರಿ ಹಾಕಿಸಿಕೊಂಡು ಸೀದಾ ನನ್ನ ಅಂಗಡಿಗೆ ಬಂದಳು. ಆ ಹಾಳೆಯನ್ನು ಜೆರಾಕ್ಸ್ ಮಾಡಿಕೊಡು ಅಂದಳು. "ಯಾವ ಆಫೀಸಿಗೆ ಬೇಕವ್ವಾ?" ಅಂದೆ. "ಆಫೀಸಿಗಲ್ರಿ, ಸುಮ್ನೆ ನನ್ನ ಹತ್ರ ಇರ್ಲಿ ಅಂತ" ಅಂದಳು. ಅವಳ ಹೆಸರಿನ ಮುಂದೆ ಅಷ್ಟು ಹಣ ಅಚ್ಚಾಗಿದ್ದು ಅದೇ ಮೊದಲು.

ಆ ಹಣ ಎಲ್ಲಿ ಹೋಗುತ್ತದೆ ಎಂದು ಕೇಳಿ, ಯಾರು ಬೇಕಾದರೂ ಹೇಳುತ್ತಾರೆ. ಸಾಲ ಕೊಟ್ಟ ಸಂಘದ ಕಂತಿಗೆ, ಗ್ಯಾಸಿಗೆ, ಅತ್ತೆಯ ಬಿಪಿ ಗುಳಿಗೆಗೆ, ಮಗನ ಹಾಸ್ಟೆಲ್ಲಿನ ಖರ್ಚಿಗೆ. ಹಣ ಕೈಗೆ ಬರುವ ಮೊದಲೇ ಅದಕ್ಕೆ ದಾರಿ ಗೊತ್ತಾಗಿರುತ್ತದೆ. ಅದಕ್ಕೇ ನಿಂತಾಗ ಹೊಡೆತ ಜೋರಾಗಿ ಬೀಳುತ್ತದೆ. ಗೃಹಲಕ್ಷ್ಮಿ ಹಣ ಎರಡು ಮೂರು ತಿಂಗಳು ತಡವಾಗಿ ಒಟ್ಟಿಗೆ ಬಂದದ್ದು ನಿಮಗೂ ಗೊತ್ತು. ಸಂಘದವರು ಎರಡು ಮೂರು ತಿಂಗಳು ಕಾಯುವುದಿಲ್ಲ. ಅವರು ವಾರಕ್ಕೊಮ್ಮೆ ಬಾಗಿಲಿಗೆ ಬರುತ್ತಾರೆ. ಸಾಲ ವಸೂಲಿಯ ಕಿರುಕುಳ ತಡೆಯಲು ಸರ್ಕಾರವೇ 2025ರ ಫೆಬ್ರುವರಿಯಲ್ಲಿ ಸುಗ್ರೀವಾಜ್ಞೆ ತರಬೇಕಾಯಿತು. ಒಳ್ಳೆಯದೇ ಮಾಡಿದಿರಿ. ಆದರೆ ಸರ್ಕಾರದ ಹಣ ಹೇಳಿದ ದಿನ ಬಂದಿದ್ದರೆ ಎಷ್ಟೋ ಮನೆಗಳಲ್ಲಿ ಆ ಕಂತು ತಪ್ಪುತ್ತಲೇ ಇರಲಿಲ್ಲ.

ತಡವಾದರೂ ಬರುವುದನ್ನು ಜನ ಹೇಗೋ ತಾಳಿಕೊಳ್ಳುತ್ತಾರೆ. ಪೂರಾ ನಿಂತೇ ಹೋದರೆ, ಯಾಕೆ ನಿಂತಿತು ಅಂತ ಯಾರೂ ಹೇಳದಿದ್ದರೆ ಏನು ಮಾಡಬೇಕು? ಒಂದು ಮನೆಯ ಕಥೆ ಹೇಳುತ್ತೇನೆ. ಹೆಸರು ಬೇಡ. ಊರೂ ಬೇಡ.

ಗಂಡ ಹೆಂಡತಿ ಇಬ್ಬರೂ ಫರ್ಸಿ ಗಣಿಯಲ್ಲಿ ದುಡಿಯುವವರು. ಶಹಾಬಾದ್ ಕಲ್ಲು ಅಂತ ರಾಜ್ಯದ ತುಂಬ ಮನೆಗಳಿಗೆ ನೆಲಹಾಸಿಗೆ ಹೋಗುತ್ತದಲ್ಲ, ಅದು. ಅವನು ಕಲ್ಲು ಸೀಳುತ್ತಾನೆ, ಅವಳು ಚಪ್ಪಡಿ ಹೊರುತ್ತಾಳೆ. ಅತ್ತೆ, ಇಬ್ಬರು ಮಕ್ಕಳು ಸೇರಿ ಕಾರ್ಡಿನಲ್ಲಿ ಐದು ಜನ. ಕೆಲವು ವರ್ಷದ ಹಿಂದೆ ಅವನು ಕಲ್ಲಿನ ಧೂಳು ಸಾಕು ಅಂತ ಸಾಲ ಮಾಡಿ ಒಂದು ಟಂಟಂ (ಬಾಡಿಗೆಗೆ ಓಡಿಸುವ ಮೂರು ಗಾಲಿಯ ಗಾಡಿ) ತೆಗೆದುಕೊಂಡ. ಸಾಲಕ್ಕೆ ಆದಾಯದ ದಾಖಲೆ ಬೇಕಿತ್ತು. ಮಧ್ಯದವನೊಬ್ಬ ಇವನ ಪ್ಯಾನ್ ಕಾರ್ಡ್ ಇಸಕೊಂಡು ಆದಾಯ ತೆರಿಗೆ ರಿಟರ್ನ್ ತುಂಬಿದ. ಎಷ್ಟು ಆದಾಯ ಬರೆದ, ಏನು ಬರೆದ, ಇವನಿಗೆ ಗೊತ್ತಿಲ್ಲ. ಸಹಿ ಮಾಡು ಅಂದರು, ಮಾಡಿದ. ಒಂದು ರೂಪಾಯಿ ತೆರಿಗೆ ಕಟ್ಟಿದವನಲ್ಲ. ಬಾಡಿಗೆ ಸರಿಯಾಗಿ ಸಿಗಲಿಲ್ಲ, ಕಂತು ತಪ್ಪಿತು, ಗಾಡಿ ಎಳೆದುಕೊಂಡು ಹೋದರು. ಅವನು ವಾಪಸ್ ಗಣಿಗೆ ಹೋದ.

2025ರ ಆಷಾಢದಲ್ಲಿ ಅವಳು ರೇಷನ್ ತರಲು ಹೋದಳು. ಹೆಬ್ಬೆಟ್ಟು ಇಟ್ಟಳು. ಅಂಗಡಿಯವನು ಪರದೆ ನೋಡಿ, "ನಿಮ್ಮ ಕಾರ್ಡ್ ಎಪಿಎಲ್ ಆಗ್ಯಾದ, ಅಕ್ಕಿ ಬರಂಗಿಲ್ಲ" ಅಂದ. ಅವಳಿಗೆ ಸುದ್ದಿ ಗೊತ್ತಾಗಿದ್ದು ಹೀಗೆ. ಹಿಂದೆ ಇಪ್ಪತ್ತು ಜನ ಸಾಲಿನಲ್ಲಿ ನಿಂತಿದ್ದರು. ಖಾಲಿ ಚೀಲ ಮಡಚಿಕೊಂಡು ಸೀದಾ ನನ್ನ ಹತ್ತಿರ ಬಂದಳು. "ಅಕ್ಕಾ, ನಾವೇನು ಕಳವು ಮಾಡೀವೇನ್ರಿ?" ಅಂದಳು. ನಾನು ಕಂಪ್ಯೂಟರ್ ನೋಡಿದೆ. ಇಂಗ್ಲಿಷಿನಲ್ಲಿ ಒಂದು ಸಾಲು ಇತ್ತು, ತೆರಿಗೆ ಕಟ್ಟುವವರು ಎಂದು. ಅದನ್ನು ಅವಳಿಗೆ ಹೇಗೆ ಹೇಳಬೇಕು ಅಂತ ಒಂದು ಗಳಿಗೆ ನನಗೆ ತಿಳಿಯಲಿಲ್ಲ. ಗಾಡಿ ಹೋಗಿದೆ, ಆ ಹೆಸರಿನ ರಿಟರ್ನ್ ಮಾತ್ರ ಹಾಗೇ ಉಳಿದಿದೆ.

ಅದೇ ಕಾರಣಕ್ಕೆ ಗೃಹಲಕ್ಷ್ಮಿಯೂ ನಿಂತಿತು. ಹೆಂಗಸು ಅಥವಾ ಅವಳ ಗಂಡ ಆದಾಯ ತೆರಿಗೆ ಕಟ್ಟಿದರೆ ಆ ಹಣ ಬರುವುದಿಲ್ಲ ಎಂದು ನಿಯಮ ಇದೆ. ನಿಯಮ ತಪ್ಪು ಅನ್ನುವುದಿಲ್ಲ. ಇವರಿಗೆ ಅದು ಹೇಗೆ ತಗಲಿತು ಅಂತ ಒಬ್ಬರಾದರೂ ಮನೆಗೆ ಹೋಗಿ ನೋಡಬೇಕಿತ್ತು, ಅಷ್ಟೇ. ಆ ಮನೆಯ ಹೊಸ್ತಿಲಲ್ಲಿ ನಿಂತರೆ ಸಾಕಿತ್ತು, ಒಳಗೆ ಹೋಗುವ ಅಗತ್ಯವೇ ಇರಲಿಲ್ಲ.

ಆಗ ಒಬ್ಬರಿಗೆ ತಿಂಗಳಿಗೆ 10 ಕೆಜಿ ಅಕ್ಕಿ. ಐದು ಜನಕ್ಕೆ 50 ಕೆಜಿ. ಅದು ಹೋಯಿತು. 2,000 ರೂಪಾಯಿ ಹೋಯಿತು. ಅವಳ ಗಂಡನಿಗೆ ಹರ್ನಿಯಾ ಆಪರೇಷನ್ ಆಗಬೇಕಿತ್ತು. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಸಿಗುತ್ತದೆ. ಎಪಿಎಲ್ ಆದರೆ ಸರ್ಕಾರ ಕೊಡುವುದು ಪ್ಯಾಕೇಜ್ ದರದ ಶೇ 30 ಮಾತ್ರ. ಅವನು ಆಪರೇಷನ್ ಮುಂದೆ ಹಾಕಿದ. ಈಗಲೂ ಸೊಂಟಕ್ಕೆ ಟವೆಲ್ ಬಿಗಿದು ಕಟ್ಟಿಕೊಂಡು ಕಲ್ಲು ಸೀಳುತ್ತಿದ್ದಾನೆ. ಒಂದು ಕಾರ್ಡಿನ ಬಣ್ಣ ಬದಲಾದರೆ ಮನೆಗೆ ಏನೇನು ಆಗುತ್ತದೆ ಅನ್ನುವುದು ನಿಯಮ ಬರೆಯುವ ಕಡೆ ಕಾಣಿಸುತ್ತದೋ ಇಲ್ಲವೋ.

ಆಮೇಲೆ ಓಡಾಟ ಶುರುವಾಯಿತು. ಒಂದು ಕಚೇರಿಯಲ್ಲಿ "ಇದು ನಮ್ಮ ಕೈಯಲ್ಲಿಲ್ಲ, ತೆರಿಗೆಯವರಿಂದ ಪತ್ರ ತರ್ರಿ" ಅಂದರು. ಯಾವ ತೆರಿಗೆಯವರು, ಎಲ್ಲಿ ಇರುತ್ತಾರೆ, ಯಾರೂ ಹೇಳಲಿಲ್ಲ. ಕಲಬುರಗಿಗೆ ಹೋಗಿ ತೆರಿಗೆ ಕೆಲಸ ಮಾಡುವ ಒಬ್ಬರನ್ನು ಹಿಡಿದಳು. ಅವರು 1,500 ತೆಗೆದುಕೊಂಡು ಒಂದು ಕಾಗದ ಕೊಟ್ಟರು. ಅದನ್ನು ತಂದರೆ ಸೀಲು ಇಲ್ಲ ಅಂದರು. ಸೀಲು ಹಾಕಿಸಿ ತಂದಾಗ ಸಾಹೇಬರು ಮೀಟಿಂಗಿಗೆ ಹೋಗಿದ್ದರು. ಏಳು ಸಲ ಅಡ್ಡಾಡಿದ್ದಾಳೆ. ನಾನು ಅರ್ಜಿಯ ಹಿಂದೆ ಪೆನ್ಸಿಲಿನಲ್ಲಿ ಗೆರೆ ಎಳೆದು ಎಣಿಸಿದ್ದೇನೆ. ಶಕ್ತಿ ಯೋಜನೆ ಇರುವುದರಿಂದ ಬಸ್ ಚಾರ್ಜು ಉಳಿಯಿತು. ಪುಣ್ಯ. ಆದರೆ ದಿನದ 300 ರೂಪಾಯಿ ಕೂಲಿ ಯಾರು ಕೊಡುತ್ತಾರೆ? ಏಳು ದಿನಕ್ಕೆ 2,100. ತನಗೆ ಬರಬೇಕಾದ ಒಂದು ತಿಂಗಳ ಹಣವನ್ನು ಅದನ್ನು ಕೇಳಲಿಕ್ಕೇ ಕಳೆದಿದ್ದಾಳೆ.

ಇದು ಒಂದು ಮನೆಯ ಕಥೆ ಅಲ್ವಾ ಅನ್ನಬೇಡಿ. 2024ರ ನವೆಂಬರ್‌ನಲ್ಲಿ ರಾಜ್ಯದ ತುಂಬ ಬಿಪಿಎಲ್ ಕಾರ್ಡುಗಳು ರದ್ದಾಗಿ ಗದ್ದಲ ಆಯಿತು. ಸರ್ಕಾರಿ ನೌಕರರು, ತೆರಿಗೆ ಕಟ್ಟುವವರನ್ನು ಬಿಟ್ಟು ಉಳಿದವರ ಕಾರ್ಡು ವಾಪಸ್ ಕೊಡಿ ಎಂದು ಕೊನೆಗೆ ಮುಖ್ಯಮಂತ್ರಿಗಳೇ ಹೇಳಬೇಕಾಯಿತು. ಮೊದಲು ಕಿತ್ತುಕೊಂಡು ಆಮೇಲೆ ನೋಡಿದರೆ ಹೀಗೇ ಆಗುವುದು. ಅನರ್ಹರನ್ನು ತೆಗೆಯಿರಿ, ನಾನೇ ಬೇಕಾದರೆ ನಾಲ್ಕು ಮನೆ ತೋರಿಸುತ್ತೇನೆ. ಆದರೆ ತೆಗೆಯುವ ಮುಂಚೆ ಕೇಳಿ.

ಒಂದು ವಿಷಯ ನನಗೆ ಬಹಳ ದಿನದಿಂದ ಕಾಡುತ್ತಿದೆ. 2011ರ ಸಕಾಲ ಕಾಯ್ದೆ ಇದೆ. ಅರ್ಜಿ ಕೊಟ್ಟರೆ ನಂಬರ್ ಕೊಡುತ್ತಾರೆ. ಇಷ್ಟು ದಿನದೊಳಗೆ ಕೆಲಸ ಆಗಬೇಕು ಅಂತ ಇದೆ. ತಡ ಮಾಡಿದರೆ ದಿನಕ್ಕೆ 20 ರೂಪಾಯಿಯಂತೆ 500ರವರೆಗೆ ಪರಿಹಾರ ಕೇಳಬಹುದು. ಚೆಂದದ ಕಾನೂನು. ಆದರೆ ಅದು ಅರ್ಜಿಯಿಂದ ಶುರುವಾಗುತ್ತದೆ. ಬರುತ್ತಿದ್ದದ್ದು ನಿಂತುಹೋದರೆ ಆ ದಿನಗಳನ್ನು ಎಣಿಸುವವರು ಯಾರು? ಅರ್ಜಿ ತಿರಸ್ಕಾರವಾದರೆ ಹಿಂಬರಹ ಕೊಡುತ್ತೀರಿ. ಅಕ್ಕಿ ನಿಲ್ಲಿಸಿದರೆ ಒಂದು ಚೀಟಿಯೂ ಇಲ್ಲ.

ಮೆಸೇಜ್ ಕಳಿಸಿದ್ದೇವೆ ಅನ್ನಬಹುದು. ಯಾರ ಫೋನಿಗೆ? ಆಧಾರ್ ಮಾಡಿಸುವಾಗ ಕೊಟ್ಟ ನಂಬರು ಮಗನದು. ಮಗ ಪುಣೆಯಲ್ಲಿ ಇದ್ದಾನೆ, ಸಿಮ್ ಬದಲಾಗಿದೆ. ಬಂದರೂ ಓದುವವರು ಬೇಕಲ್ಲ. 2011ರ ಜನಗಣತಿಯಲ್ಲಿ ಪಕ್ಕದ ಯಾದಗಿರಿ ಜಿಲ್ಲೆಯ ಸಾಕ್ಷರತೆ ಶೇ 52ರ ಹತ್ತಿರ ಇತ್ತು. ಇಡೀ ರಾಜ್ಯದಲ್ಲಿ ಅದೇ ಕಡಿಮೆ. ಇಂಥ ಕಡೆ ಇಂಗ್ಲಿಷ್ ಮೆಸೇಜ್ ಕಳಿಸಿ ತಿಳಿಸಿದ್ದೇವೆ ಅಂದರೆ ತಿಳಿಸಿದ ಹಾಗಲ್ಲ.

ಹೆಬ್ಬೆಟ್ಟಿನ ಬಗ್ಗೆಯೂ ಹೇಳಬೇಕು. ಗಣಿಯಲ್ಲಿ ಹತ್ತು ವರ್ಷ ದುಡಿದವರ ಬೆರಳನ್ನು ನೀವು ಹತ್ತಿರದಿಂದ ನೋಡಿದ್ದೀರಾ? ತುದಿಯಲ್ಲಿ ಗೆರೆಗಳೇ ಇರುವುದಿಲ್ಲ. ಅವರು ಹೊರುವ ಫರ್ಸಿಯ ಹಾಗೆ ನುಣುಪಾಗಿರುತ್ತದೆ. ನನ್ನ ಮಷೀನಿನ ಮೇಲೆ ಇಟ್ಟರೆ ಕೆಂಪು ದೀಪ ಬರುತ್ತದೆ. ಒದ್ದೆ ಬಟ್ಟೆಯಲ್ಲಿ ಒರೆಸುತ್ತೇವೆ, ಮತ್ತೆ ಇಡುತ್ತೇವೆ. ಎಣ್ಣೆ ಹಚ್ಚಿದ ತಲೆಗೂದಲಿಗೆ ಬೆರಳು ಉಜ್ಜಿ ಇಡುತ್ತಾರೆ. ಒಂದೊಂದು ಸಲ ಹತ್ತೂ ಬೆರಳು ಇಟ್ಟು ನೋಡುತ್ತೇವೆ, ಒಂದೂ ಹತ್ತುವುದಿಲ್ಲ. ಒಬ್ಬ ಅಜ್ಜಿ, ಅವಳಿಗೆ ಬರುವ 1,200ರ ಪಗಾರ (ನಮ್ಮ ಕಡೆ ವೃದ್ಧಾಪ್ಯದ ಪಿಂಚಣಿಗೆ ಪಗಾರ ಅಂತಲೇ ಅನ್ನುತ್ತಾರೆ) ತೆಗೆಯಲು ಬಂದು, ಕೆಂಪು ದೀಪ ನೋಡಿ, ತನ್ನ ಕೈಯನ್ನೇ ತಿರುಗಿಸಿ ತಿರುಗಿಸಿ ನೋಡಿಕೊಂಡಳು. ತಪ್ಪು ತನ್ನ ಕೈಯದೇ ಅಂದುಕೊಂಡಳು. ಎರಡು ದಿನ ಬಿಟ್ಟು ಬಾ ಅಂತ ಕಳಿಸಿದೆ. ಬೇರೆ ಏನು ಹೇಳಲಿ?

ಬೆರಳಚ್ಚು ಹೊಂದಲಿಲ್ಲ, ಆಧಾರ್ ಜೋಡಣೆ ಆಗಲಿಲ್ಲ ಎಂಬ ಕಾರಣಕ್ಕೆ ಅರ್ಹರಿಗೆ ರೇಷನ್ ತಪ್ಪಿಸಬಾರದು ಎಂದು ಕೇಂದ್ರ ಸರ್ಕಾರ 2017ರ ಅಕ್ಟೋಬರ್‌ನಲ್ಲೇ ರಾಜ್ಯಗಳಿಗೆ ಬರೆದಿದೆ. ಆ ಪತ್ರದ ಪ್ರತಿಯನ್ನು ಕನ್ನಡದಲ್ಲಿ ಪ್ರತಿ ನ್ಯಾಯಬೆಲೆ ಅಂಗಡಿಯ ಗೋಡೆಗೆ ಅಂಟಿಸಿ. ಇಷ್ಟಕ್ಕೆ ಹೊಸ ಬಜೆಟ್ ಬೇಡ.

ಇನ್ನು ಹೆಸರು. ನಮ್ಮ ಕಡೆ ಒಬ್ಬಳೇ ಹೆಂಗಸು ತವರಿನಲ್ಲಿ ಅವ್ವ, ಶಾಲೆಯ ದಾಖಲೆಯಲ್ಲಿ ಅಮ್ಮ, ಗಂಡನ ಮನೆಯಲ್ಲಿ ಬಾಯಿ. ಹೆಸರು ಒಂದೇ, ಬಾಲ ಬೇರೆ. ಜನರಿಗೆ ಇದರಲ್ಲಿ ಗೊಂದಲವೇ ಇಲ್ಲ. ಕಂಪ್ಯೂಟರ್ ಮಾತ್ರ ಮೂರು ಹೆಂಗಸರು ಅನ್ನುತ್ತದೆ. ಹುಟ್ಟಿದ ತಾರೀಖು ಗೊತ್ತಿಲ್ಲದವರಿಗೆಲ್ಲ ಜನವರಿ 1 ಹಾಕಿದ್ದಾರೆ, ವರ್ಷ ಅಂದಾಜು. ಆ ಅಂದಾಜು ಐದು ವರ್ಷ ತಪ್ಪಿದರೆ ಅಜ್ಜಿಗೆ ಪಗಾರ ಐದು ವರ್ಷ ತಡ. ಮಕ್ಕಳ ಆಧಾರ್‌ಗೆ 5 ವರ್ಷ ತುಂಬಿದಾಗ ಒಮ್ಮೆ, 15 ತುಂಬಿದಾಗ ಒಮ್ಮೆ ಬೆರಳಚ್ಚು ಕೊಡಬೇಕು. ತಾಂಡಾಗಳಿಂದ ಬೆಂಗಳೂರು, ಮುಂಬೈ, ಹೈದರಾಬಾದ್ ಕಡೆ ದುಡಿಯಲು ಹೋದವರಿಗೆ ಅದನ್ನು ಹೇಳಿದವರು ಯಾರು? ಹಬ್ಬಕ್ಕೆ ಊರಿಗೆ ಬಂದಾಗ ಗೊತ್ತಾಗುತ್ತದೆ, ಇ-ಕೆವೈಸಿ ಆಗದೆ ಮಗುವಿನ ಪಾಲಿನ ಅಕ್ಕಿ ನಿಂತಿದೆ ಅಂತ.

ಬಿಪಿಎಲ್‌ಗೆ ವರ್ಷದ ಆದಾಯ 1.2 ಲಕ್ಷದ ಒಳಗಿರಬೇಕು ಎಂದು ಇದೆ. ಲೆಕ್ಕ ಹಾಕೋಣ. 2025-26ರಲ್ಲಿ ಉದ್ಯೋಗ ಖಾತ್ರಿಯ ಕೂಲಿ ದಿನಕ್ಕೆ 370 ರೂಪಾಯಿ ಇತ್ತು. ಗಂಡ ಹೆಂಡತಿ ಇಬ್ಬರೂ ಅದೇ ಕೂಲಿಯಂತೆ ವರ್ಷದಲ್ಲಿ 165 ದಿನ, ಅಂದರೆ ಅರ್ಧ ವರ್ಷವೂ ಅಲ್ಲ, ದುಡಿದರೆ 1,22,100 ಆಗುತ್ತದೆ. ಗೆರೆ ದಾಟಿತು. ಸರ್ಕಾರವೇ ಗೊತ್ತು ಮಾಡಿದ ಕೂಲಿ ಪಡೆದರೆ ಸರ್ಕಾರದ ಲೆಕ್ಕದಲ್ಲಿ ಅವರು ಬಡವರಲ್ಲ. ಅದಕ್ಕೇ ಆದಾಯ ಪ್ರಮಾಣಪತ್ರಕ್ಕೆ ಬಂದವರು ನಿಜ ಹೇಳಲು ಹೆದರುತ್ತಾರೆ. ಸುಳ್ಳು ಹೇಳುವ ಜನ ಅಲ್ಲ ಇವರು. ನಾವೇ ಅವರ ಬಾಯಲ್ಲಿ ಸುಳ್ಳು ಹಾಕುತ್ತಿದ್ದೇವೆ.

ಅಕ್ಕಿ ಮಾರಿಕೊಳ್ಳುತ್ತಾರೆ ಅಂತ ಬಯ್ಯುವುದನ್ನೂ ಕೇಳಿದ್ದೇನೆ. ಮಾರುವುದು ತಪ್ಪು, ದಂಧೆ ಮಾಡುವವರನ್ನು ಹಿಡಿಯಿರಿ. ಆದರೆ ನಮ್ಮ ಕಡೆ ಊಟ ಅಂದರೆ ಜೋಳದ ರೊಟ್ಟಿ. 2023ರ ಜುಲೈಯಿಂದ ಹೆಚ್ಚುವರಿ 5 ಕೆಜಿ ಅಕ್ಕಿಯ ಬದಲು ಒಬ್ಬರಿಗೆ 170 ರೂಪಾಯಿ ಕೊಡುತ್ತಿದ್ದಾಗ ಎಷ್ಟೋ ಮನೆಯವರು ಅದರಲ್ಲಿ ಜೋಳ ತಂದರು. 2025ರ ಫೆಬ್ರುವರಿಯಿಂದ ಮತ್ತೆ ಅಕ್ಕಿಯೇ ಆಯಿತು. ಅಕ್ಕಿಯ ಜೊತೆ ಜೋಳವನ್ನೂ ತಪ್ಪದೆ ಕೊಟ್ಟರೆ ಮಾರುವ ಮಾತೇ ಕಡಿಮೆಯಾಗುತ್ತದೆ. ನಮ್ಮ ಕಡೆಗೆ ಬೇಕಾದ್ದನ್ನು ಸರ್ಕಾರ ಮಾಡಿಲ್ಲ ಅಂತಲ್ಲ. ಮಕ್ಕಳಲ್ಲಿ ಅಪೌಷ್ಟಿಕತೆ ಜಾಸ್ತಿ ಅಂತ 2021ರ ಡಿಸೆಂಬರ್‌ನಲ್ಲಿ ಶಾಲೆಯಲ್ಲಿ ಮೊಟ್ಟೆ ಕೊಡುವುದನ್ನು ಶುರು ಮಾಡಿದ್ದೇ ಬೀದರ್, ಕಲಬುರಗಿ, ಯಾದಗಿರಿಯಂಥ ಜಿಲ್ಲೆಗಳಲ್ಲಿ. ಆಮೇಲೆ ಅದು ರಾಜ್ಯಕ್ಕೆಲ್ಲ ಹೋಯಿತು.

ಹಾಗಾಗಿ ನಿಮ್ಮಿಂದ ಆಗದ್ದನ್ನು ನಾನು ಕೇಳುತ್ತಿಲ್ಲ. ಯಾವುದೇ ಕಾರ್ಡು, ಪಗಾರ, ಹಣ ನಿಲ್ಲಿಸುವ ಒಂದು ತಿಂಗಳ ಮೊದಲು ಆ ಮನೆಗೆ ಕನ್ನಡದಲ್ಲಿ ಒಂದು ಚೀಟಿ ಕೊಡಿ. ಯಾಕೆ, ಯಾರನ್ನು ಕಾಣಬೇಕು, ಏನು ತರಬೇಕು, ಇಷ್ಟೇ ಇರಲಿ. ಅಂಗನವಾಡಿ ಟೀಚರ್, ಆಶಾ ಕಾರ್ಯಕರ್ತೆಯರ ಕೈಯಲ್ಲಿ ಕೊಡಿಸಿದರೆ ಅವರ ಕೆಲಸಕ್ಕೆ ಕೂಲಿಯನ್ನೂ ಕೊಡಿ, ಈಗಾಗಲೇ ಅವರ ತಲೆ ಮೇಲೆ ಬಹಳ ಇದೆ. ಊರಿನಲ್ಲಿ ಡಂಗುರ ಸಾರಿಸಿ. ಆ ಮನೆಯವರ ಉತ್ತರ ಬಂದು, ವಿಚಾರಣೆ ಮುಗಿಯುವವರೆಗೆ ಅಕ್ಕಿ ನಿಲ್ಲಿಸಬೇಡಿ. ತಪ್ಪಾಗಿ ನಿಲ್ಲಿಸಿದ್ದರೆ ಹೋದ ತಿಂಗಳುಗಳದ್ದನ್ನೂ ಕೊಡಿ. ಕೊಡಬೇಕಾದ ಧಾನ್ಯ ಕೊಡದಿದ್ದರೆ ಭತ್ಯೆ ಕೊಡಬೇಕು ಎಂದು 2013ರ ಆಹಾರ ಭದ್ರತಾ ಕಾಯ್ದೆಯಲ್ಲೇ ಇದೆ. ಆ ಭತ್ಯೆ ಬಂತು ಅಂತ ಹೇಳಿದವರನ್ನು ಈ ಹನ್ನೊಂದು ವರ್ಷದಲ್ಲಿ ನಾನು ಒಬ್ಬರನ್ನೂ ಕಂಡಿಲ್ಲ.

ಇನ್ನೊಂದು. ತಿಂಗಳಿಗೊಂದು ದಿನ ಪ್ರತಿ ಪಂಚಾಯಿತಿಯಲ್ಲಿ ಆಹಾರ ಇಲಾಖೆಯವರು, ಗೃಹಲಕ್ಷ್ಮಿ ನೋಡುವವರು, ಪಿಂಚಣಿಯವರು, ಬ್ಯಾಂಕಿನವರು, ಆಧಾರ್ ಮಷೀನಿನವರು ಒಂದೇ ಕಟ್ಟೆಯ ಮೇಲೆ ಕೂರಲಿ. ಈಗ ಒಬ್ಬರು ಇನ್ನೊಬ್ಬರ ಕಡೆ ಬೆರಳು ತೋರಿಸುತ್ತಾರೆ. ಪಕ್ಕದಲ್ಲೇ ಕೂತಿದ್ದರೆ ಆ ಬೆರಳು ಎಲ್ಲಿಗೆ ಹೋಗುತ್ತದೆ? ಗ್ಯಾರಂಟಿ ಅನುಷ್ಠಾನ ಸಮಿತಿಗಳು ತಾಲ್ಲೂಕಿಗೊಂದು ಇವೆ. ಅವರೂ ಬರಲಿ. ನಮ್ಮ ಭಾಗಕ್ಕೆ ವಿಶೇಷ ಸ್ಥಾನ ಕೊಡುವ ಸಂವಿಧಾನದ 371(ಜೆ) ಬಂದ ಮೇಲೆ ಹುಟ್ಟಿದ ನಮ್ಮ ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿ ಇಲ್ಲೇ ಕಲಬುರಗಿಯಲ್ಲಿದೆ. ರಸ್ತೆ, ಕಟ್ಟಡಕ್ಕೆ ಕೊಡುವ ಹಣದಲ್ಲಿ ಸ್ವಲ್ಪ ತೆಗೆದು ಪಂಚಾಯಿತಿಗೆ ಒಬ್ಬರನ್ನು ಇದಕ್ಕೆಂದೇ ಇಡಿ. ಊರಿನ ಓದಿದ ಹೆಣ್ಣುಮಗಳಿಗೆ ಕೊಡಿ ಆ ಕೆಲಸ. ಯಾರ ಮನೆಯಲ್ಲಿ ಏನಿದೆ ಅಂತ ಅವಳಿಗೆ ಗೊತ್ತಿರುತ್ತದೆ.

ಹಾಗೆ ಮಾಡಿದರೆ ನನ್ನ ಅಂಗಡಿಗೆ ಬರುವ ಜನ ಕಡಿಮೆಯಾಗುತ್ತಾರೆ. ಒಂದು ಅರ್ಜಿ ತುಂಬಲು 50 ರೂಪಾಯಿ ತೆಗೆದುಕೊಳ್ಳುತ್ತೇನೆ. ನಿಂತುಹೋದ ಅಕ್ಕಿಗೆ ಅರ್ಜಿ ಬರೆದು ಬರುವ ಆ 50 ನನಗೆ ಬೇಡ. ಪ್ರವೇಶಕ್ಕೆ, ನೌಕರಿಗೆ, ಮದುವೆ ಕಾಗದಕ್ಕೆ ಜನ ಬರಲಿ, ನನ್ನ ಮನೆ ನಡೆಯುತ್ತದೆ.

ಆ ಗಣಿಯ ಹೆಂಗಸಿನ ಎಂಟನೇ ಅರ್ಜಿ ನನ್ನ ಮೇಜಿನ ಡ್ರಾದಲ್ಲಿದೆ. ಈ ಸಲ ರಿಟರ್ನ್ ನಕಲು, ಸೀಲು ಹಾಕಿದ ಕಾಗದ, ಗಾಡಿ ಎಳೆದುಕೊಂಡು ಹೋದಾಗ ಕೊಟ್ಟ ಚೀಟಿ, ಎಲ್ಲ ಸೇರಿಸಿ ಪಿನ್ ಹೊಡೆದಿದ್ದೇನೆ. ಸೋಮವಾರ ಗಣಿಗೆ ರಜೆ ಹಾಕಿ ಬರುತ್ತೇನೆ ಅಂದಿದ್ದಾಳೆ. ಅವತ್ತು ಕುರ್ಚಿಯಲ್ಲಿ ಯಾರಾದರೂ ಇರುವಂತೆ ನೋಡಿಕೊಳ್ಳಿ.

ಇಂತಿ,
ಚಿತ್ತಾಪುರ ತಾಲ್ಲೂಕಿನ ಜೆರಾಕ್ಸ್ ಅಂಗಡಿಯವಳು